ಕೀ ಗಾಡಿಯಲ್ಲೇ ಬಿಟ್ಟರೆ ಬ್ಯಾಟರಿ ಇಳಿಯುತ್ತದೆಯೇ? ಕಳವಾದರೆ ವಿಮೆ ಸಿಗುತ್ತದೆಯೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಮನೆಯಲ್ಲಿ ಒಂದು ಹಳೆಯ ಕಾರ್ಬುರೇಟರ್ ಬೈಕು, ಒಂದು ಬಿಎಸ್6 (ಈಚಿನ ಹೊಗೆ ನಿಯಮದ) ಸ್ಕೂಟರ್ ಇವೆ. ತೋಟಕ್ಕೆ, ಡೇರಿಗೆ ಯಾರು ಬೇಕಾದರೂ ಒಯ್ಯಲಿ ಎಂದು ಎರಡರ ಕೀಯನ್ನೂ ಗಾಡಿಯಲ್ಲೇ ಬಿಟ್ಟಿರುತ್ತೇವೆ. ಸ್ಕೂಟರಿನ ಬ್ಯಾಟರಿ ಪದೇ ಪದೇ ಸಾಯುತ್ತಿದೆ. ಕೀ ಬಿಟ್ಟಿದ್ದಕ್ಕೇ ಹೀಗಾಗಿದೆ ಎನ್ನುತ್ತಾರೆ ಮೆಕ್ಯಾನಿಕ್. ಆಫ್ ಮಾಡಿಟ್ಟರೂ ಬ್ಯಾಟರಿ ಇಳಿಯುತ್ತದೆಯೇ? ಪೇಟೆಯಲ್ಲಿ ಎರಡು ನಿಮಿಷ ಅಂಗಡಿಗೆ ಇಳಿದಾಗ ಕೀ ಅದರಲ್ಲೇ ಇದ್ದು ಗಾಡಿ ಕಳವಾದರೆ ಇನ್ಶೂರೆನ್ಸ್ ಬರುತ್ತದೆಯೇ?

ಉತ್ತರ: ಕೀ ಆಫ್‌ನಲ್ಲಿದ್ದರೆ ಬ್ಯಾಟರಿ ಇಳಿಯುವುದಿಲ್ಲ. ಅದು ಗಾಡಿಯಲ್ಲಿದ್ದರೂ ಒಂದೇ, ಗೋಡೆಯ ಮೊಳೆಯಲ್ಲಿದ್ದರೂ ಒಂದೇ. ಇಗ್ನಿಷನ್ ಸ್ವಿಚ್‌ನಲ್ಲಿ ಎರಡು ಭಾಗ ಇರುತ್ತವೆ. ಮೇಲಿನದು ಬೀಗ, ಕೆಳಗಿನದು ತಾಮ್ರದ ಕಾಂಟ್ಯಾಕ್ಟುಗಳಿರುವ ಪ್ಲಾಸ್ಟಿಕ್ ತಟ್ಟೆ. ಕೀ ತಿರುಗಿಸಿದಾಗ ಬೀಗದ ತುದಿ ಆ ತಟ್ಟೆಯನ್ನು ತಿರುಗಿಸುತ್ತದೆ, ಬ್ಯಾಟರಿಯಿಂದ ಬರುವ ವೈರು ಉಳಿದ ವೈರಿಂಗ್‌ಗೆ ಸೇರುತ್ತದೆ. ಆಫ್‌ನಲ್ಲಿ ಆ ಕೊಂಡಿ ತುಂಡಾಗಿರುತ್ತದೆ. ಕರೆಂಟಿನ ಲೆಕ್ಕದಲ್ಲಿ ಕೀ ಬರೀ ಒಂದು ಹಿಡಿ.

ಹಾಗಿದ್ದರೂ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ. ಸದಾ ಗಾಡಿಯಲ್ಲೇ ಇರುವ ಕೀ ಸದಾ ಆಫ್‌ನಲ್ಲೇ ಇರುವುದಿಲ್ಲ, ತೊಂದರೆ ಅಲ್ಲಿದೆ. ಈಗಿನ ಗಾಡಿಗಳಲ್ಲಿ ಕೀ ಮುಟ್ಟದೆಯೇ ಎಂಜಿನ್ ನಿಲ್ಲಿಸಲು ಮೂರು ದಾರಿಗಳಿವೆ. ಒಂದು, ಬಲಗೈ ಬಳಿಯ ಕಿಲ್ ಸ್ವಿಚ್. ಎರಡು, ಸೈಡ್ ಸ್ಟ್ಯಾಂಡ್ ಹಾಕಿದೊಡನೆ ಎಂಜಿನ್ ಕಟ್ ಮಾಡುವ ಸೆನ್ಸರ್. ಮೂರು, ಹೀರೋದ ಐ3ಎಸ್, ಹೋಂಡಾದ ಐಡ್ಲಿಂಗ್ ಸ್ಟಾಪ್ ತರಹದ, ನಿಂತಲ್ಲಿ ತಾನೇ ಎಂಜಿನ್ ಆರಿಸುವ ವ್ಯವಸ್ಥೆ. ಮೂರರಲ್ಲೂ ಸದ್ದು ನಿಲ್ಲುತ್ತದೆ, ಇಗ್ನಿಷನ್ ಮಾತ್ರ ಆನ್‌ನಲ್ಲೇ ಇರುತ್ತದೆ. ಕೀ ತೆಗೆಯುವ ಅಭ್ಯಾಸ ಇರುವವರಿಗೆ ಕೈ ಹಾಕಿದ ಕೂಡಲೇ ಗೊತ್ತಾಗುತ್ತದೆ. ಬಿಟ್ಟುಹೋಗುವ ಅಭ್ಯಾಸ ಇರುವವರು ಸ್ಟ್ಯಾಂಡ್ ಒದ್ದು ಒಳಗೆ ನಡೆಯುತ್ತಾರೆ. ಹಗಲು ಬೆಳಕಿನಲ್ಲಿ ಮೀಟರಿನ ಸಣ್ಣ ದೀಪ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಲೆಕ್ಕ ನೋಡಿ. 100ರಿಂದ 125 ಸಿಸಿ ಗಾಡಿಗಳ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟ್, 3ರಿಂದ 5 ಆಂಪಿಯರ್-ಅವರ್ (ಎಷ್ಟು ಆಂಪಿಯರನ್ನು ಎಷ್ಟು ತಾಸು ಕೊಡಬಲ್ಲದು ಎಂಬ ಲೆಕ್ಕ). ನಿಮ್ಮ ಸ್ಕೂಟರಿನದು 3 ಎಂದಿಟ್ಟುಕೊಳ್ಳಿ. ಆನ್‌ನಲ್ಲಿ ಬಿಟ್ಟಾಗ ಹಿಂದಿನ ದೀಪ 5 ವ್ಯಾಟ್, ಮುಂದಿನ ಪೊಸಿಷನ್ ದೀಪ 5 ವ್ಯಾಟ್, ಇವೆರಡೇ 0.8 ಆಂಪಿಯರ್ ಎಳೆಯುತ್ತವೆ. ಮೀಟರು, ಇಸಿಯು (ಎಂಜಿನ್ ನಿಯಂತ್ರಿಸುವ ಸಣ್ಣ ಕಂಪ್ಯೂಟರ್) ಸೇರಿದರೆ 1 ಆಂಪಿಯರ್ ದಾಟುತ್ತದೆ. ಕಾಗದದ ಮೇಲೆ ಮೂರು ಗಂಟೆ ಬರಬೇಕು. ಆದರೆ ಅರ್ಧ ಖಾಲಿಯಾದ ಸಣ್ಣ ಬ್ಯಾಟರಿ ಸೆಲ್ಫ್ ಮೋಟಾರನ್ನು ತಿರುಗಿಸಲಾರದು, ಹಾಗಾಗಿ ಒಂದೂವರೆ ಗಂಟೆಯಲ್ಲೇ ‘ಟಿಕ್ ಟಿಕ್’ ಸದ್ದು ಶುರು. ದೀಪಗಳೆಲ್ಲ ಎಲ್‌ಇಡಿ ಆಗಿದ್ದರೆ ಇನ್ನಷ್ಟು ಹೊತ್ತು ತಡೆಯುತ್ತದೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ತಾನೇ ಉರಿಯುವುದು ಕಡ್ಡಾಯವಾಗಿದೆ. ಬಹಳಷ್ಟು ಗಾಡಿಗಳಲ್ಲಿ ಅದು ಎಂಜಿನ್ ಸ್ಟಾರ್ಟ್ ಆದ ಮೇಲಷ್ಟೇ ಹೊತ್ತಿಕೊಳ್ಳುತ್ತದೆ. ಕೀ ಆನ್ ಮಾಡಿದೊಡನೆ ಹೊತ್ತುವ ಮಾದರಿ ನಿಮ್ಮದಾಗಿದ್ದು, ಬಲ್ಬು 35 ವ್ಯಾಟಿನ ಹ್ಯಾಲೊಜೆನ್ ಆಗಿದ್ದರೆ, ಅದೊಂದೇ ಸುಮಾರು 3 ಆಂಪಿಯರ್. ಆಗ ಅರ್ಧ ಗಂಟೆ ಸಾಕು.

ಒಂದು ಸಲ ಇಳಿದ ಬ್ಯಾಟರಿ ಚಾರ್ಜ್ ಮಾಡಿದರೆ ಚೇತರಿಸಿಕೊಳ್ಳುತ್ತದೆ. ಪದೇ ಪದೇ ಪೂರ್ತಿ ಇಳಿದರೆ ಚೇತರಿಸಿಕೊಳ್ಳುವುದಿಲ್ಲ. ಸೀಸ-ಆಸಿಡ್ ಬ್ಯಾಟರಿ ಖಾಲಿಯಾದಾಗ ಅದರ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗುತ್ತದೆ, ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗುತ್ತದೆ. ಆ ಮೇಲೆ ಚಾರ್ಜರ್ ಹಾಕಿದರೆ ವೋಲ್ಟೇಜ್ ಬೇಗ ಏರುತ್ತದೆ, ತೆಗೆದರೆ ಅಷ್ಟೇ ಬೇಗ ಇಳಿಯುತ್ತದೆ. ಹಳ್ಳಿಯ ಓಡಾಟದಲ್ಲಿ ಇನ್ನೊಂದು ತೊಂದರೆಯೂ ಇದೆ. ಡೇರಿಗೆ ಒಂದು ಕಿಲೋಮೀಟರು, ತೋಟಕ್ಕೆ ಅರ್ಧ ಕಿಲೋಮೀಟರು ಓಡಿಸಿದರೆ ಇಳಿದ ಬ್ಯಾಟರಿ ತುಂಬುವುದೇ ಇಲ್ಲ. ಕಿಕ್ ಹೊಡೆದು ಸ್ಟಾರ್ಟ್ ಮಾಡಿದೆವು, ಇನ್ನು ತಾನೇ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಬಿಚ್ಚಿ ಹೊರಗಿನಿಂದ ಚಾರ್ಜ್ ಮಾಡಿಸಿ. ಪ್ರಮಾಣ ಬ್ಯಾಟರಿಯ ಹತ್ತನೇ ಒಂದು ಪಾಲು, ಅಂದರೆ 3 ಆಂಪಿಯರ್-ಅವರ್‌ಗೆ 0.3 ಆಂಪಿಯರ್, ಹತ್ತು-ಹನ್ನೆರಡು ತಾಸು. ಕಾರಿನ ಬ್ಯಾಟರಿಗೆ ಇಟ್ಟಿರುವ 5 ಆಂಪಿಯರ್ ಚಾರ್ಜರಿಗೆ ಇದನ್ನು ಸಿಕ್ಕಿಸಿದರೆ ಬಿಸಿಯಾಗಿ ಉಬ್ಬುತ್ತದೆ. ಮುಚ್ಚಿದ ಬ್ಯಾಟರಿಯಲ್ಲಿ ಹಾರಿಹೋದ ನೀರನ್ನು ಮತ್ತೆ ತುಂಬುವಂತೆಯೂ ಇಲ್ಲ. ಚಾರ್ಜ್ ತೆಗೆದು ನಾಲ್ಕೈದು ತಾಸು ಬಿಟ್ಟು ಅಳೆದರೆ 12.6 ವೋಲ್ಟಿಗಿಂತ ಮೇಲಿರಬೇಕು. 12.2 ಇದ್ದರೆ ಅರ್ಧ, 11.8ಕ್ಕಿಂತ ಕೆಳಗಾದರೆ ಖಾಲಿ.

ಹಳೆಯ ಬೈಕಿನ ಕಥೆ ಬೇರೆ. ಹಳೆಯ 100 ಸಿಸಿ ಬೈಕುಗಳಲ್ಲಿ ಹೆಚ್ಚಿನವುಗಳ ಸ್ಪಾರ್ಕ್‌ಗೆ ಬ್ಯಾಟರಿ ಬೇಕಿಲ್ಲ, ಮ್ಯಾಗ್ನೆಟ್ ಕಾಯಿಲ್‌ನಿಂದ ನೇರ ಬರುತ್ತದೆ. ಬ್ಯಾಟರಿ ಸತ್ತರೂ ಒಂದು ಕಿಕ್ಕಿಗೆ ಹೊರಡುತ್ತದೆ, ಹಾರ್ನು-ಇಂಡಿಕೇಟರ್ ಮಾತ್ರ ಸುಮ್ಮನಿರುತ್ತವೆ. ಅದಕ್ಕೇ ಆ ಬೈಕಿನಲ್ಲಿ ಕೀ ಬಿಟ್ಟ ತಪ್ಪು ನಿಮಗೆ ಕಂಡಿರಲಿಕ್ಕಿಲ್ಲ. ಹೆಚ್ಚಿನ ಬಿಎಸ್6 ಗಾಡಿಗಳಲ್ಲಿ ಟ್ಯಾಂಕಿನಿಂದ ಪೆಟ್ರೋಲ್ ಕಳಿಸುವ ಪಂಪಿಗೂ ಕರೆಂಟ್ ಬೇಕು, ಇಸಿಯುಗೂ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಸೆಕೆಂಡ್ ಗೇರಿನಲ್ಲಿ ತಳ್ಳಿದರೂ ಬೈಕು ಏಳದಿರಬಹುದು. ಸ್ಕೂಟರನ್ನಂತೂ ತಳ್ಳಿ ಸ್ಟಾರ್ಟ್ ಮಾಡಲು ಬರುವುದೇ ಇಲ್ಲ. ಇನ್ನೊಂದು ತುದಿಯಲ್ಲಿ ಪಾಯಿಂಟ್ (ಸ್ಪಾರ್ಕ್‌ಗಾಗಿ ಕರೆಂಟ್ ಕೂಡಿಸಿ ಕಡಿಯುವ ಕಾಂಟ್ಯಾಕ್ಟ್) ಇರುವ ಹಳೆಯ ಬುಲೆಟ್ ಇದೆ. ಪಾಯಿಂಟ್ ಕೂಡಿಕೊಂಡ ಸ್ಥಿತಿಯಲ್ಲಿ ಎಂಜಿನ್ ನಿಂತು ಕೀ ಆನ್‌ನಲ್ಲೇ ಉಳಿದರೆ ಇಗ್ನಿಷನ್ ಕಾಯಿಲ್‌ನಲ್ಲಿ 3-4 ಆಂಪಿಯರ್ ನಿರಂತರ ಹರಿದು, ಬ್ಯಾಟರಿ ಇಳಿಯುವುದರ ಜೊತೆ ಕಾಯಿಲೂ ಸುಟ್ಟುಹೋಗಬಹುದು. ಹೆಡ್‌ಲೈಟ್ ಮೇಲಿನ ಆಮೀಟರ್ ಮುಳ್ಳು ಎಡಕ್ಕೆ ವಾಲಿ ನಿಂತಿದ್ದರೆ ಅದೇ ಸೂಚನೆ. ಅಂಥ ಬುಲೆಟ್ ಊರಲ್ಲಿ ಯಾರ ಬಳಿಯಾದರೂ ಇದ್ದರೆ ಹೇಳಿಡಿ.

ಕೀ ನಿಜಕ್ಕೂ ಆಫ್‌ನಲ್ಲಿದ್ದೂ ಬ್ಯಾಟರಿ ಇಳಿಯುತ್ತಿದ್ದರೆ ಕಾರಣ ಬೇರೆ: ಹೊರಗಿನಿಂದ ಹಾಕಿಸಿದ ಜಿಪಿಎಸ್, ಅಲಾರಾಂ, ಮೊಬೈಲ್ ಚಾರ್ಜರ್, ಇಲ್ಲವೇ ಕೆಟ್ಟ ರೆಕ್ಟಿಫೈಯರ್ (ಎಂಜಿನ್ ಹುಟ್ಟಿಸುವ ಕರೆಂಟನ್ನು ಬ್ಯಾಟರಿಗೆ ಒಗ್ಗಿಸುವ ಭಾಗ). ಹೊಸ ಬ್ಯಾಟರಿಗೆ ದುಡ್ಡು ಕೊಡುವ ಮೊದಲು ಇದನ್ನು ನೋಡಲೇಬೇಕು, ಹತ್ತು ನಿಮಿಷದ ಕೆಲಸ. ಕೀ ಆಫ್ ಮಾಡಿ. ಬ್ಯಾಟರಿಯ ನೆಗೆಟಿವ್ ವೈರನ್ನು ಬಿಚ್ಚಿ. 10 ಎಂಎಂ ಸ್ಪ್ಯಾನರ್ ಅಥವಾ ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಮಲ್ಟಿಮೀಟರನ್ನು 10 ಆಂಪಿಯರ್ ರೇಂಜಿಗೆ ಹಾಕಿ ಒಂದು ಕಡ್ಡಿಯನ್ನು ಬಿಚ್ಚಿದ ವೈರಿಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿಯಿರಿ. ಓದು ಸೊನ್ನೆಯ ಹತ್ತಿರವಿದ್ದರೆ ಮಿಲಿ ಆಂಪಿಯರ್ ರೇಂಜಿಗೆ ಇಳಿಸಿ. ಸ್ಪೀಡೋಮೀಟರಿನಲ್ಲಿ ಗಡಿಯಾರ ಇರುವ ಗಾಡಿಯಲ್ಲಿ ಕೆಲವೇ ಮಿಲಿ ಆಂಪಿಯರ್ ಬರುವುದು ಸಹಜ. 20-30 ತೋರಿಸಿದರೆ ಹೊರಗಿನಿಂದ ಸೇರಿಸಿದ ಸಾಮಾನುಗಳನ್ನು ಒಂದೊಂದಾಗಿ ಕಿತ್ತು ನೋಡಿ, ಯಾವುದನ್ನು ತೆಗೆದಾಗ ಅಂಕಿ ಬೀಳುತ್ತದೋ ಅದೇ ಕಳ್ಳ. 30 ಮಿಲಿ ಆಂಪಿಯರ್ ಅಂದರೆ ದಿನಕ್ಕೆ 0.7 ಆಂಪಿಯರ್-ಅವರ್, ನಿಮ್ಮ ಬ್ಯಾಟರಿ ನಾಲ್ಕು ದಿನದಲ್ಲಿ ಬರಿದು. ಮೀಟರ್ ಹೀಗೆ ಸೇರಿಸಿಟ್ಟುಕೊಂಡು ಸೆಲ್ಫ್ ಒತ್ತಬೇಡಿ. ಸ್ಟಾರ್ಟರ್ ಹತ್ತಾರು ಆಂಪಿಯರ್ ಎಳೆದು ಮೀಟರಿನ ಫ್ಯೂಸ್ ಹಾರಿಸುತ್ತದೆ.

ಬ್ಯಾಟರಿ ಹೋದರೆ ಸಾವಿರದ ಲೆಕ್ಕದಲ್ಲಿ ಮುಗಿಯುತ್ತದೆ. ಅಂಗಳದಲ್ಲಿ ಕೀ ಬಿಡಬೇಡಿ ಎಂದು ನಾವು ಹೇಳುವುದು ಅದಕ್ಕಿಂತ ಹೆಚ್ಚಾಗಿ ಮಕ್ಕಳ ಕಾರಣಕ್ಕೆ. ಸ್ಕೂಟರ್ ಸ್ಟಾರ್ಟ್ ಆಗಲು ಬ್ರೇಕ್ ಹಿಡಿದು ಸೆಲ್ಫ್ ಒತ್ತಬೇಕು, ಅಷ್ಟೇ. ದೊಡ್ಡವರು ಮಾಡುವುದನ್ನು ದಿನಾ ನೋಡುವ ಆರೇಳು ವರ್ಷದ ಮಗುವಿಗೆ ಅದು ಬರುತ್ತದೆ. ಎಂಜಿನ್ ಶುರುವಾದ ಮೇಲೆ ಬ್ರೇಕ್ ಬಿಟ್ಟು ಹ್ಯಾಂಡಲ್ ಹಿಡಿದುಕೊಂಡರೆ ಬಲಗೈ ತಂತಾನೇ ಎಕ್ಸಲರೇಟರ್ ತಿರುಗಿಸುತ್ತದೆ, ಗೇರಿಲ್ಲದ ಗಾಡಿ ಕೂಡಲೇ ಮುಂದಕ್ಕೆ ನುಗ್ಗುತ್ತದೆ. ಹೆದರಿದ ಮಗು ಹ್ಯಾಂಡಲನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆಯೇ ಹೊರತು ಬಿಡುವುದಿಲ್ಲ. ಸೈಡ್ ಸ್ಟ್ಯಾಂಡ್ ಸೆನ್ಸರ್ ಇದನ್ನು ತಡೆಯುತ್ತದೆ, ಆದರೆ ಸೆಂಟರ್ ಸ್ಟ್ಯಾಂಡ್ ಹಾಕಿದ್ದರೆ ಅದು ಕೆಲಸಕ್ಕೆ ಬಾರದು. ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಿರುತ್ತದೆ, ಪಕ್ಕದಲ್ಲಿ ನಿಂತ ಇನ್ನೊಂದು ಮಗುವಿನ ಬೆರಳು ಅಲ್ಲಿರುತ್ತದೆ. ಇಲೆಕ್ಟ್ರಿಕ್ ಸ್ಕೂಟರಿನಲ್ಲಂತೂ ಎಚ್ಚರಿಸಲು ಎಂಜಿನ್ ಸದ್ದೂ ಇಲ್ಲ.

ಹದಿನೈದು-ಹದಿನಾರರ ಹುಡುಗರ ವಿಷಯದಲ್ಲಿ ಕಾನೂನು ನೇರವಾಗಿ ನಿಮ್ಮ ಮೇಲೆ ಬರುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ ಕಲಂ 199ಎ ಪ್ರಕಾರ, ಅಪ್ರಾಪ್ತ ವಯಸ್ಕರು ಗಾಡಿ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ‘ನನಗೆ ಗೊತ್ತಿಲ್ಲದೆ ಒಯ್ದ’ ಅಥವಾ ‘ತಡೆಯಲು ಬೇಕಾದ ಎಚ್ಚರಿಕೆ ವಹಿಸಿದ್ದೆ’ ಎಂದು ನೀವೇ ಸಾಬೀತು ಮಾಡಬೇಕು. ಕೀ ಹಗಲೂ ರಾತ್ರಿ ಗಾಡಿಯಲ್ಲೇ ಇರುತ್ತದೆಂದು ಊರಿಗೆಲ್ಲ ಗೊತ್ತಿದ್ದ ಮೇಲೆ ಆ ಮಾತನ್ನು ಒಪ್ಪಿಸುವುದು ಕಷ್ಟ. ನಿಲ್ಲಿಸಿದ ವಾಹನಗಳ ಬಗ್ಗೆ ಅದೇ ಕಾಯ್ದೆಯ ಕಲಂ 126 ಇದೆ. ಸಾರ್ವಜನಿಕ ಜಾಗದಲ್ಲಿ ಚಾಲಕನಿಲ್ಲದ ಗಾಡಿಯ ಎಂಜಿನ್ ನಿಲ್ಲಿಸಿರಬೇಕು, ಅದು ಆಕಸ್ಮಿಕವಾಗಿ ಚಲಿಸದಂತೆ ಮಾಡಿರಬೇಕು ಎನ್ನುತ್ತದೆ ಅದು. ಕೀ ತೆಗೆಯಿರಿ ಎಂಬ ಮಾತು ಅದರಲ್ಲಿ ಅಕ್ಷರಶಃ ಇಲ್ಲ.

ಈಗ ಪೇಟೆಯ ಎರಡು ನಿಮಿಷ. ನಂದಿನಿ ಬೂತ್, ಬೇಕರಿ, ಎಟಿಎಂ, ಮೆಡಿಕಲ್ ಶಾಪ್‌ಗಳ ಮುಂದೆ ಕೀ ಇರುವ ಗಾಡಿ ಒಯ್ಯುವವನಿಗೆ ಹತ್ತು ಸೆಕೆಂಡೂ ಬೇಡ. ನೋಡುವವರಿಗೆ ಅವನೇ ಮಾಲೀಕನಂತೆ ಕಾಣುತ್ತಾನೆ. ಹ್ಯಾಂಡಲ್ ಲಾಕ್ ಮುರಿಯುವವನ ಮೇಲೆ ಯಾರಾದರೂ ಅನುಮಾನ ಪಟ್ಟಾರು, ಕೀ ತಿರುಗಿಸುವವನ ಮೇಲೆ ಯಾರೂ ಪಡುವುದಿಲ್ಲ. ನಿಮ್ಮ ಗಾಡಿ ಕೀ ಇಲ್ಲದೆ, ಹ್ಯಾಂಡಲ್ ಲಾಕ್ ಆಗಿ ನಿಂತಿದ್ದರೂ ಒದ್ದು ಮುರಿಯುವವರಿದ್ದಾರೆ ಎಂಬುದು ನಿಜ. ಅದಕ್ಕೆ ರಾತ್ರಿ ಹೊರಗೆ ನಿಲ್ಲಿಸುವವರು ಡಿಸ್ಕ್ ಲಾಕ್ ಅಥವಾ ಚಕ್ರಕ್ಕೊಂದು ಸರಪಳಿ ಸೇರಿಸಿಕೊಳ್ಳುವುದು ಒಳ್ಳೆಯದು.

ವಿಮೆಯ ವಿಷಯದಲ್ಲಿ ಮೊದಲು ಪಾಲಿಸಿ ತೆಗೆದು ನೋಡಿ, ಏಕೆಂದರೆ ಬಹಳ ಜನ ಇಲ್ಲೇ ಮೋಸ ಹೋಗುತ್ತಾರೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ (ನಿಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟಕ್ಕೆ) ಕಡ್ಡಾಯ. ಶೋರೂಮಿನಲ್ಲಿ ‘ಐದು ವರ್ಷ ಇನ್ಶೂರೆನ್ಸ್ ಇದೆ ಸಾರ್’ ಎನ್ನುವುದು ಅದನ್ನೇ. ಕಳವಿಗೆ ದುಡ್ಡು ಕೊಡುವುದು ಓನ್ ಡ್ಯಾಮೇಜ್ (ನಿಮ್ಮದೇ ಗಾಡಿಯ ನಷ್ಟದ) ಭಾಗ, ಅದು ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಇರುತ್ತದೆ. ಎರಡನೇ ವರ್ಷ ಅದನ್ನು ನೀವೇ ನವೀಕರಿಸಿರದಿದ್ದರೆ ಕೀ ಎಲ್ಲಿತ್ತು ಎಂಬ ಪ್ರಶ್ನೆಯೇ ಏಳುವುದಿಲ್ಲ, ಕಳವಿಗೆ ಒಂದು ಪೈಸೆಯೂ ಬರುವುದಿಲ್ಲ. ನಿಮ್ಮ ಹಳೆಯ ಬೈಕಿಗೆ ಬರೀ ಥರ್ಡ್ ಪಾರ್ಟಿ ಕಟ್ಟುತ್ತಿದ್ದರೆ ಅದಕ್ಕೂ ಇದೇ ಉತ್ತರ.

ಓನ್ ಡ್ಯಾಮೇಜ್ ಚಾಲ್ತಿಯಲ್ಲಿದ್ದರೆ, ವಾಹನ ಕಳೆದುಹೋಗದಂತೆ ಮಾಲೀಕ ಎಲ್ಲ ಸಮಂಜಸ ಎಚ್ಚರಿಕೆ ವಹಿಸಬೇಕು ಎಂಬ ಷರತ್ತು ಪಾಲಿಸಿಯಲ್ಲಿರುತ್ತದೆ. ಕೀ ಬಿಟ್ಟದ್ದು ಆ ಷರತ್ತಿನ ಉಲ್ಲಂಘನೆ ಎಂದು ಹೇಳಿ ಕಂಪನಿಗಳು ಕ್ಲೇಮ್ ತಿರಸ್ಕರಿಸುತ್ತವೆ. ಅದೇ ಕೊನೆಯ ಮಾತಲ್ಲ. ಚಾಲಕ ಕೀ ಬಿಟ್ಟು ಕೆಳಗಿಳಿದಾಗ ಕಳವಾದ ಟ್ರಕ್ಕೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಜುಲೈನಲ್ಲಿ ಮಾಲೀಕನಿಗೆ ಕ್ಲೇಮಿನ 75 ಶೇಕಡಾ ಕೊಡಿಸಿತು. ಷರತ್ತು ಅಷ್ಟಿಷ್ಟು ಮುರಿದಿದ್ದರೂ ಪೂರ್ತಿ ಕೈ ಎತ್ತುವಂತಿಲ್ಲ ಎಂಬುದು ಅದರ ತಾತ್ಪರ್ಯ. ಇದನ್ನು ಹಕ್ಕಿನಂತೆ ನಂಬಿ ಕೀ ಬಿಡಬೇಡಿ. ಆ 75 ಶೇಕಡಾ ಗ್ರಾಹಕ ಆಯೋಗದಿಂದ ಸುಪ್ರೀಂ ಕೋರ್ಟ್‌ವರೆಗೆ ಹೋರಾಡಿದವರಿಗೆ ಸಿಕ್ಕಿದ್ದು, ನಿಮ್ಮ ಸ್ಕೂಟರಿನ ಬೆಲೆಗೆ ಅಷ್ಟು ದೂರ ಹೋಗುವವರು ಯಾರು?

ಕಳವಾಗಿಯೇ ಬಿಟ್ಟರೆ ಆ ದಿನವೇ ಎಫ್‌ಐಆರ್ ಮಾಡಿಸಿ, ಅಂದೇ ವಿಮಾ ಕಂಪನಿಗೂ ತಿಳಿಸಿ. ಪೊಲೀಸರಿಗೆ ಬೇಗ ದೂರು ಕೊಟ್ಟಿದ್ದರೆ ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ, ಆದರೂ ತಡ ಮಾಡಿ ವಾದಕ್ಕೆ ಎಡೆ ಕೊಡಬೇಡಿ. ಗಾಡಿ ಪತ್ತೆಯಾಗದಿದ್ದರೆ ಠಾಣೆಯವರು ನ್ಯಾಯಾಲಯಕ್ಕೆ ‘ಸಿ’ ರಿಪೋರ್ಟ್ ಹಾಕುತ್ತಾರೆ, ಕಂಪನಿ ಅದನ್ನು ಕೇಳುತ್ತದೆ. ಜೊತೆಗೆ ಎರಡೂ ಮೂಲ ಕೀಗಳನ್ನು ಕೇಳುತ್ತದೆ. ಒಂದು ಕೀ ಗಾಡಿಯ ಜೊತೆ ಹೋಗಿದ್ದರೆ ಹಾಗೇ ಬರೆದುಕೊಡಿ. ಪೇಟೆಯಲ್ಲಿ ಡೂಪ್ಲಿಕೇಟ್ ಮಾಡಿಸಿ ‘ಇವೇ ಎರಡು’ ಎಂದು ಕೊಡುವವರಿದ್ದಾರೆ. ಸರ್ವೇಯರ್ ಕಣ್ಣಿಗೆ ಹೊಸದಾಗಿ ಕತ್ತರಿಸಿದ ಅಂಚು ಕೂಡಲೇ ಬೀಳುತ್ತದೆ. ಆಗ ನಿರ್ಲಕ್ಷ್ಯದ ಕ್ಲೇಮ್ ಹೋಗಿ ಸುಳ್ಳು ದಾಖಲೆಯ ಕ್ಲೇಮ್ ಆಗುತ್ತದೆ, 75 ಶೇಕಡಾದ ದಾರಿಯೂ ಮುಚ್ಚುತ್ತದೆ.

ನಿಮ್ಮ ಮನೆಯ ಅಗತ್ಯ ನಿಜವಾದದ್ದೇ: ಯಾರು ಬೇಕಾದರೂ ಒಯ್ಯುವಂತಿರಬೇಕು. ಅದಕ್ಕೆ ಜಗಲಿಯ ಬಾಗಿಲ ಒಳಬದಿಯಲ್ಲಿ, ಮಕ್ಕಳ ಕೈಗೆ ಎಟುಕದಂತೆ ಐದೂವರೆ ಅಡಿ ಎತ್ತರದಲ್ಲಿ ಎರಡು ಮೊಳೆ ಹೊಡೆಯಿರಿ, ಗಾಡಿಗೊಂದು ಮೊಳೆ. ಡೂಪ್ಲಿಕೇಟ್ ಕೀ ಅಲ್ಲಿ ಬೇಡ, ಬೀರುವಿನಲ್ಲಿರಲಿ. ಹೊಸ ಕೀ ಜೊತೆ ಬರುವ ಸಣ್ಣ ತಗಡಿನ ಬಿಲ್ಲೆಯಲ್ಲೋ ಕೀ ಮೇಲೋ ಕೀ ನಂಬರ್ ಇದ್ದರೆ ಫೋಟೊ ತೆಗೆದಿಡಿ, ಎರಡೂ ಕಳೆದರೆ ಅದು ಬೇಕಾಗುತ್ತದೆ. ದೇವಸ್ಥಾನದ ಜಾತ್ರೆ, ಮದುವೆ ಮಂಟಪ, ಅಪಾರ್ಟ್‌ಮೆಂಟ್‌ಗಳಂಥ ಇಕ್ಕಟ್ಟಿನ ಜಾಗದಲ್ಲಿ ‘ಗಾಡಿ ಸರಿಸಬೇಕು’ ಎಂದು ಕೇಳಿಕೊಂಡರೆ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡಲ್ ಲಾಕ್ ಮಾಡದೆ, ಕೀ ಮಾತ್ರ ತೆಗೆದುಕೊಂಡು ಹೋಗಿ. ಸರಿಸಲು ಕೀ ಬೇಕಿಲ್ಲ. ಪಾರ್ಕಿಂಗ್‌ನವರು ಕೀಯನ್ನೇ ಕೇಳಿದರೆ ಚೀಟಿ ಪಡೆದು ಕೊಡಿ. ಕೀ ಅವರ ವಶಕ್ಕೆ ಬಂದ ಮೇಲೆ ಗಾಡಿಯ ಹೊಣೆಯೂ ಅವರದು ಎಂದು, ದಿಲ್ಲಿಯ ಹೋಟೆಲ್ಲೊಂದರ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ‘ಮಾಲೀಕರ ಜವಾಬ್ದಾರಿ’ ಎಂದು ಚೀಟಿಯಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ಅವರ ನಿರ್ಲಕ್ಷ್ಯ ಮಾಫಿ ಆಗದು. ಚೀಟಿಯಿಲ್ಲದೆ ಹೀಗೆ ಕೀ ಬಿಟ್ಟು ಬಂದರೆ ವಶಕ್ಕೆ ಕೊಟ್ಟದ್ದಕ್ಕೆ ಪುರಾವೆ ಇರುವುದಿಲ್ಲ.

ಮಲೆನಾಡಿನ ಮಳೆಯಲ್ಲಿ ಬೀಗಕ್ಕೂ ಕೇಡು ಇದೆ. ಸ್ಕೂಟರಿನ ಕೀ ರಂಧ್ರಕ್ಕೆ ಶಟರ್ ಇದ್ದರೆ, ಕೀ ಒಳಗಿದ್ದಾಗ ಅದು ಮುಚ್ಚುವುದಿಲ್ಲ. ನೀರು ಕೀ ಗುಂಟ ಇಳಿದು ಕಾಂಟ್ಯಾಕ್ಟ್ ತಟ್ಟೆಗೆ ಸೇರುತ್ತದೆ, ತಾಮ್ರ ಹಸಿರಾಗುತ್ತದೆ. ಕೀ ಆನ್ ಮಾಡಿದರೂ ದೀಪ ಬಾರದೆ, ಸ್ವಲ್ಪ ಅಲ್ಲಾಡಿಸಿದರೆ ಬರುವುದು ಇದರ ಲಕ್ಷಣ. ಮನೆ ಬೀಗ, ಬೀರು ಬೀಗದ ಕೈಗಳ ಗೊಂಚಲನ್ನು ಜೋತುಬಿಟ್ಟು ಓಡಿಸಿದರೆ ಬೀಗದೊಳಗಿನ ತೆಳುವಾದ ಹಿತ್ತಾಳೆ ಪಟ್ಟಿಗಳು ಸವೆಯುತ್ತವೆ. ಪರೀಕ್ಷೆ ಸುಲಭ: ಕೀ ಆನ್‌ನಲ್ಲಿರುವಾಗ ಎಳೆದು ನೋಡಿ. ಹೊರಗೆ ಬಂದರೆ ಬೀಗ ಸವೆದಿದೆ ಎಂದರ್ಥ, ಯಾವ ಕೀಯಾದರೂ ಅದನ್ನು ತಿರುಗಿಸೀತು. ಬಿಗಿಯಾಗಿದ್ದರೆ ಗ್ರಾಫೈಟ್ ಪುಡಿ ಹಾಕಿ. ಸಿಗದಿದ್ದರೆ ಮೆತ್ತನೆಯ ಪೆನ್ಸಿಲ್ ಸೀಸವನ್ನು ಕೀ ಮೇಲೆ ಉಜ್ಜಿ ಹತ್ತು ಸಲ ಒಳಗೆ ಹೊರಗೆ ಮಾಡಿ. ಎಂಜಿನ್ ಆಯಿಲ್, ಗ್ರೀಸ್ ಬೇಡ, ಅವು ಧೂಳಿನ ಜೊತೆ ಸೇರಿ ಅಂಟಾಗುತ್ತವೆ.

ಗಾಡಿಯಲ್ಲೇ ಇರುವ ಕೀಗೆ ಯಾರದೋ ಮೊಣಕಾಲೋ ಹುಲ್ಲಿನ ಹೊರೆಯೋ ತಾಗಿ ಒಳಗೇ ಮುರಿಯುವುದೂ ಉಂಟು. ಆಗ ಇನ್ನೊಂದು ಕೀ ತುರುಕಬೇಡಿ, ತುಂಡು ಇನ್ನೂ ಒಳಗೆ ಹೋಗುತ್ತದೆ. ಮುರಿದದ್ದು ಆನ್‌ನಲ್ಲಾದರೆ ಮೊದಲು ತೆಳುವಾದ ಚಪ್ಪಟೆ ಸ್ಕ್ರೂಡ್ರೈವರಿನಿಂದ ನಿಧಾನವಾಗಿ ಆಫ್‌ಗೆ ತಿರುಗಿಸಿ, ಬೇರೆ ಸ್ಥಾನದಲ್ಲಿ ಪಟ್ಟಿಗಳು ತುಂಡನ್ನು ಹಿಡಿದಿರುತ್ತವೆ. ತುಕ್ಕು ಬಿಡಿಸುವ ಸ್ಪ್ರೇ ಸ್ವಲ್ಪ ಹೊಡೆದು ಐದು ನಿಮಿಷ ಬಿಡಿ. ಫ್ರೆಟ್ ಸಾ (ತೆಳು ಗರಗಸ) ಬ್ಲೇಡನ್ನು ಹಲ್ಲು ನಿಮ್ಮ ಕಡೆ ಬರುವಂತೆ ಹಿಡಿದು, ಕೀಯ ಕಚ್ಚುಗಳಿರುವ ಅಂಚಿನ ಗುಂಟ ಇಳಿಸಿ, ಸ್ವಲ್ಪ ಓರೆ ಮಾಡಿ ಹಲ್ಲು ಕಚ್ಚಿಸಿ ಎಳೆಯಿರಿ. ಅಷ್ಟಕ್ಕೂ ಬಾರದಿದ್ದರೆ ಬೀಗ ಬದಲಿಸಬೇಕು. ಆಗ ಇಗ್ನಿಷನ್ ಒಂದನ್ನೇ ಹಾಕಿಸಬೇಡಿ. ಟ್ಯಾಂಕ್ ಮುಚ್ಚಳ, ಸೀಟ್ ಸೇರಿದ ಪೂರ್ತಿ ಲಾಕ್ ಸೆಟ್ ಕೇಳಿ, ಇಲ್ಲದಿದ್ದರೆ ಒಂದೇ ಗಾಡಿಗೆ ಎರಡು ಕೀ ಇಟ್ಟುಕೊಂಡು ತಿರುಗಬೇಕಾಗುತ್ತದೆ.